76ನೇ ರೇಖಾಂಶದ ಆಚೆ ಈಚೆ

ಸಿಂದಗಿ, 5 ಮಾರ್ಚ್ 2023, ಭಾನುವಾರ

ಕಂಪ್ಯೂಟರಿನ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಕಲಬುರಗಿಯ ರನ್‌ವೇಯಿಂದ ಸೆಸ್ನಾ 172 ಏರಿಸಿ, ಪಶ್ಚಿಮಕ್ಕೂ ನೈರುತ್ಯಕ್ಕೂ ನಡುವೆ ಮೂತಿ ತಿರುಗಿಸಿ ಹೊರಟರೆ ಅರ್ಧ ತಾಸಿನೊಳಗೆ ಸಿಂದಗಿ ಬರಬೇಕು. ಲೆಕ್ಕಕ್ಕೆ ಬಂತು, ಕಣ್ಣಿಗೆ ಬರಲಿಲ್ಲ. ಪರದೆಯ ಮೇಲಿದ್ದದ್ದು ಇಳಿಜಾರು ಮಾಡಿನ ಕೆಂಪು ಹಂಚಿನ ಮನೆಗಳು, ಚೂಪು ತುದಿಯ ಗಿಡಗಳು. ನಮ್ಮ ಕಡೆಯ ಹಳೆ ಮನೆಗಳ ಮಾಳಿಗೆ ಸಪಾಟು. ಮೇಲೆ ಮಣ್ಣು, ನಡುವೆ ಬೆಳಕಿಂಡಿ. ಅಲ್ಲಿಯೇ ಮೆಣಸಿನಕಾಯಿ ಒಣಗಿಸುತ್ತೇವೆ, ಬೇಸಗೆಯಲ್ಲಿ ಅಲ್ಲಿಯೇ ಮಲಗುತ್ತೇವೆ.

ಊರಿನ ಮೇಲೆ ಬಂದೊಡನೆ ಫ್ರೇಮು ಸೆಕೆಂಡಿಗೆ 20ಕ್ಕಿಂತ ಕೆಳಗಿಳಿಯಿತು. ನಮ್ಮಲ್ಲಿ ಇಲ್ಲದ ಗಿಡ, ಇಲ್ಲದ ಮನೆ ಬಿಡಿಸುವುದಕ್ಕೆ ಯಂತ್ರ ಏದುಸಿರು ಬಿಡುತ್ತಿದೆ. ಹೊಸ ಗ್ರಾಫಿಕ್ಸ್ ಕಾರ್ಡ್ ತರುವ ಮೊದಲು ಈ ಸುಳ್ಳುಗಳನ್ನು ತೆಗೆದುಹಾಕಬೇಕು. ಚಂದವೂ ವೇಗವೂ ಒಟ್ಟಿಗೇ ಬಂದಾವು ಎಂದು ನನ್ನ ಅಂದಾಜು.

12 ಮಾರ್ಚ್, ಭಾನುವಾರ

ಆರ್ಥೋ4ಎಕ್ಸ್‌ಪಿ ಹಾಕಿಕೊಂಡೆ. ಉಪಗ್ರಹ ಮತ್ತು ವೈಮಾನಿಕ ಚಿತ್ರಗಳನ್ನು ತಂದು, ಎತ್ತರದ ಮಾಹಿತಿಯಿಂದ ನೆಲ ಕಟ್ಟಿ, ಅದರ ಮೇಲೆ ಚಿತ್ರ ಹೊದಿಸುವ ಉಚಿತ ತಂತ್ರಾಂಶ. ಕೆಲಸವೆಲ್ಲ ಒಂದು ಡಿಗ್ರಿ ಅಗಲ, ಒಂದು ಡಿಗ್ರಿ ಉದ್ದದ ತುಂಡುಗಳಲ್ಲಿ.

ಅಕ್ಷಾಂಶ ರೇಖಾಂಶವನ್ನು ಎಂಟನೇ ಇಯತ್ತೆ ಹುಡುಗರಿಗೆ ವರ್ಷವೂ ಕಲಿಸುತ್ತೇನೆ. ನಮ್ಮ ತಾಲ್ಲೂಕುಗಳು ಆ ಗೆರೆಗಳ ಮೇಲೆ ಹೀಗೆ ಚದುರಿವೆ ಎಂದು ಮಾತ್ರ ಎಂದೂ ನೋಡಿರಲಿಲ್ಲ. 17 ಡಿಗ್ರಿ ಉತ್ತರ, 76 ಡಿಗ್ರಿ ಪೂರ್ವ ಕೂಡುವ ಬಿಂದು ಇಂಡಿಗೂ ಸಿಂದಗಿಗೂ ನಡುವೆ ಬೀಳುತ್ತದೆ. ಇಂಡಿ ಒಂದು ತುಂಡು, ಬಸವನ ಬಾಗೇವಾಡಿ ಇನ್ನೊಂದು, ಸಿಂದಗಿ ಮುದ್ದೇಬಿಹಾಳ ಮತ್ತೊಂದು. ಬಾಗೇವಾಡಿ ದಾಟಿ ನಾಲ್ಕು ಕಿಲೋಮೀಟರ್ ಹೋಗುವುದರೊಳಗೆ ತುಂಡು ಬದಲಾಗುತ್ತದೆ. ನಾಲ್ಕು ಊರು ನೋಡಬೇಕೆಂದರೆ ಮೂರು ತುಂಡು ಕಟ್ಟಬೇಕು.

22 ಮಾರ್ಚ್, ಯುಗಾದಿ

ಹೋಳಿಗೆ ಉಂಡು ಮಧ್ಯಾಹ್ನವಿಡೀ ಲೆಕ್ಕ. ಚಿತ್ರದ ಸೂಕ್ಷ್ಮತೆಗೆ ಮಟ್ಟಗಳಿವೆ. 16ರಲ್ಲಿ ಒಂದು ಚುಕ್ಕೆ ನಮ್ಮ ನೆಲದ ಸುಮಾರು 2.3 ಮೀಟರ್, 17ರಲ್ಲಿ 1.1, 18ರಲ್ಲಿ ಅರ್ಧ ಮೀಟರಿಗೆ ತುಸು ಹೆಚ್ಚು. ಒಂದೊಂದು ಮಟ್ಟ ಏರಿದಂತೆ ಗಾತ್ರ ನಾಲ್ಕು ಪಟ್ಟು. 16ರಲ್ಲಿ ಒಂದು ತುಂಡಿಗೆ ಒಂದೂವರೆ ಜಿಬಿಯ ಆಸುಪಾಸು, 17ಕ್ಕೆ ಆರು, 18ಕ್ಕೆ ಇಪ್ಪತ್ತು ದಾಟುತ್ತದೆ. ಎಲ್ಲಾ ಕಡೆ 18 ಹಾಕುವುದು ಹಟವಾದೀತು, ಕಾರ್ಡಿನ ಮೆಮೊರಿ ತುಂಬಿ ಚಿತ್ರ ತಡೆತಡೆದು ಬರುತ್ತದೆ.

ಎಲ್ಲಿ ಏನು ಕಾಣಬೇಕು ಎಂದು ನೆಲವೇ ಹೇಳುತ್ತದೆ. ಡೋಣಿ ಹೊಳೆದಂಡೆಯ ಎರಿ ಹೊಲಗಳು ಎಕರೆಗಟ್ಟಲೆ ಒಂದೇ ಬಣ್ಣ, 16 ಧಾರಾಳ ಸಾಕು. ಇಂಡಿಯ ಲಿಂಬೆ ತೋಟಕ್ಕೆ ಸಾಲದು. ಲಿಂಬೆಗಿಡದ ಹರವು ನಾಲ್ಕೈದು ಮೀಟರ್, 16ರಲ್ಲಿ ಎರಡು ಚುಕ್ಕೆ ಆಗಿ ಕಲಸಿಹೋಗುತ್ತದೆ. 17ಕ್ಕೆ ಏರಿಸಿದರೆ ಸಾಲು ಹಿಡಿದು ನಿಂತ ಗಿಡಗಳು ಒಂದೊಂದಾಗಿ ಬಿಡಿಸಿ ಕಾಣುತ್ತವೆ. ಇಂಡಿ ಸುತ್ತ 17, ಆಲಮಟ್ಟಿಯ ಕಟ್ಟೆಗೂ ಕಲಬುರಗಿಯ ರನ್‌ವೇಗೂ 18, ಉಳಿದದ್ದಕ್ಕೆ 16 ಎಂದು ಬರೆದಿಟ್ಟೆ.

9 ಏಪ್ರಿಲ್, ಭಾನುವಾರ

ಮುದ್ದೇಬಿಹಾಳದಿಂದ ಮಾವ ಬಂದಿದ್ದ. ಬಾಗೇವಾಡಿಯಿಂದ ಅವನ ಊರಿನ ಕಡೆ ಹಾರಿಸಿ ತೋರಿಸಿದೆ. 76ರ ಗೆರೆ ಬರುತ್ತಲೇ ಕುರ್ಚಿ ಮುಂದಕ್ಕೆಳೆದ.

“ತಮ್ಮಾ, ಈ ಕಡಿ ಬ್ಯಾಸಗಿ ಹೊಲ ಐತಿ, ಆ ಕಡಿ ಹಿಂಗಾರಿ ಬೆಳಿ ನಿಂತೈತಿ. ಒಂದ ಒಡ್ಡಿಗೆ ಎರಡ ಕಾಲ ಹೆಂಗ ಬಂತೋ?”

ಎರಡು ತುಂಡಿನ ಚಿತ್ರಗಳು ಬೇರೆ ಬೇರೆ ತಿಂಗಳಲ್ಲಿ ತೆಗೆದವು. ಬಣ್ಣ ಸರಿಹೊಂದಿಲ್ಲ ಎಂದಷ್ಟೇ ನಾನು ಅಂದುಕೊಂಡಿದ್ದೆ, ಮಾವ ಅದರಲ್ಲಿ ಋತು ಕಂಡ. ಯಾವ ತಿಂಗಳು ಇಡಲಿ ಎಂದು ಕೇಳಿದೆ. ಜನವರಿ ಅಂದ, ಬಿಳಿಜೋಳ ತೆನೆ ಕಟ್ಟುವ ಹೊತ್ತು.

ಅವನು ಹೊರಟ ಮೇಲೆ ಸೆಂಟಿನೆಲ್-2 ಉಪಗ್ರಹಗಳ ಜನವರಿಯ ಚಿತ್ರ ಇಳಿಸಿಕೊಂಡೆ. ಯುರೋಪಿನವರು ಯಾರಿಗಾದರೂ ಪುಕ್ಕಟೆ ಕೊಡುತ್ತಾರೆ. ಅದರಲ್ಲಿ ಒಂದು ಚುಕ್ಕೆಗೆ 10 ಮೀಟರ್, ಕೆಳಗೆ ಹಾರಲು ಬಾರದು. ಹಾಗಾಗಿ ಅದರಿಂದ ಬಣ್ಣ ಮಾತ್ರ, ಒಡ್ಡು-ದಾರಿ-ಗಿಡ ಮೊದಲಿನ ಚಿತ್ರದಿಂದ. ಇದರಿಂದ ಫ್ರೇಮಿಗೆ ಏನೂ ಭಾರವಿಲ್ಲ. ಗೆರೆ ಮಾಯವಾಯಿತು.

23 ಏಪ್ರಿಲ್, ಬಸವ ಜಯಂತಿ

ಬಾಗೇವಾಡಿಯಲ್ಲಿ ಇವತ್ತು ಕಾಲಿಡಲು ಜಾಗವಿರಲಿಕ್ಕಿಲ್ಲ. ನಾನು ಮನೆಯಲ್ಲೇ ಕೂತು ಆಲಮಟ್ಟಿ ಹಿಡಿದೆ.

ಹಿನ್ನೀರು ದಂಡೆಯ ಕಡೆ ಗುಡ್ಡ ಹತ್ತಿದಂತೆ ಓರೆಯಾಗಿ ನಿಂತಿತ್ತು. ಕಾರಣ ಹುಡುಕಿದರೆ ಎದೆ ಹಿಡಿದಂತಾಯಿತು. ಸಿಮ್ಯುಲೇಟರ್‌ನ ನೆಲದ ಎತ್ತರ ಬಂದಿರುವುದು ಎಂಡೆವರ್ ಬಾಹ್ಯಾಕಾಶ ನೌಕೆ 2000ದ ಫೆಬ್ರುವರಿಯಲ್ಲಿ 11 ದಿನ ಸುತ್ತಿ ಮಾಡಿದ ರೇಡಾರ್ ಅಳತೆಯಿಂದ. ಜಲಾಶಯವನ್ನು 519.60 ಮೀಟರ್‌ಗೆ ಏರಿಸಲು ಸುಪ್ರೀಂ ಕೋರ್ಟ್ ದಾರಿ ಬಿಟ್ಟದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ. ಕಟ್ಟೆ ಮುಗಿದದ್ದು 2005ರಲ್ಲಿ. ಅಂದರೆ ಈಗ ನೀರಡಿ ಇರುವ ಮೇಲಿನ ದಂಡೆಗಳನ್ನು ಆ ರೇಡಾರ್ ಒಣನೆಲವಾಗಿಯೇ ಅಳೆದುಕೊಂಡು ಹೋಗಿದೆ. ಇಂದಿನ ನೀರಿನ ಚಿತ್ರವನ್ನು ಅಂದಿನ ನೆಲಕ್ಕೆ ಹೊದಿಸಿದರೆ ಓರೆಯಾಗದೆ ಇನ್ನೇನು?

ನೀರಿನ ಅಂಚನ್ನೆಲ್ಲ 519.60ಕ್ಕೆ ಸಮ ಮಾಡಿ ಒಂದು ಪ್ರತಿ ಉಳಿಸಿದೆ. ಆಮೇಲೆ ನೀರನ್ನೇ ತೆಗೆದು ಇನ್ನೊಂದು ಪ್ರತಿ ಮಾಡಿ ಅವ್ವನನ್ನು ಕರೆದೆ. ಅವಳ ತವರು ಬಾಗೇವಾಡಿ ತಾಲ್ಲೂಕಿನ ಹೊಳೆದಂಡೆಯ ಊರು, ಮುಳುಗಡೆ ಆದದ್ದು. ಮನೆ ಇಲ್ಲ, ಗುಡಿ ಇಲ್ಲ, ಬರೀ ನೆಲದ ಉಬ್ಬು ತಗ್ಗು.

“ಈ ದಿನ್ನಿ ಇಳದರ ನಮ್ಮ ಹೊಲ,” ಅಂದಳು. “ಇಲ್ಲೇ ಎತ್ತ ನಿಲ್ಲಿಸಿ ಉಸರ ಬಿಡತಿದ್ವಿ. ಇದನ್ನ ಅಳಸಬ್ಯಾಡೋ.”

ಎರಡೂ ಪ್ರತಿ ಇರುತ್ತವೆ. ಬೇರೆ ಡಿಸ್ಕಿನಲ್ಲೂ ನಕಲು ಇಟ್ಟೆ.

11 ಮೇ, ಗುರುವಾರ

ಚುನಾವಣೆ ಕೆಲಸ ಮುಗಿಸಿ ಬಂದು ದಿನವಿಡೀ ನಿದ್ದೆ. ಈ ಸೆಕೆಗೆ ಕಾರ್ಡು ಬಿಸಿಯಾಗಿ ತಾನೇ ವೇಗ ಇಳಿಸಿಕೊಳ್ಳುತ್ತದೆ, ಹಾರಾಟ ಜಗ್ಗಿ ಜಗ್ಗಿ ಸಾಗುತ್ತದೆ. ಫ್ರೇಮನ್ನು 30ಕ್ಕೆ ಕಟ್ಟಿಹಾಕಿದೆ. ಒಮ್ಮೆ 45, ಒಮ್ಮೆ 18 ಆಗುವುದಕ್ಕಿಂತ ಸ್ಥಿರವಾದ 30 ಕಣ್ಣಿಗೆ ಹಿತ. ಮೋಡದ ಗುಣಮಟ್ಟವನ್ನೂ ಒಂದು ಹಂತ ಇಳಿಸಿದೆ, ನಮ್ಮ ಮೇ ತಿಂಗಳಿಗೆ ಎಂಥ ಮೋಡ!

28 ಮೇ, ಭಾನುವಾರ

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಬಾಗೇವಾಡಿಯ ಓಣಿಗಳ ಮನೆಗಳನ್ನು ಗುರುತಿಸುತ್ತಿದ್ದೇನೆ, ಒಂದೊಂದಕ್ಕೂ ಸಪಾಟು ಮಾಳಿಗೆ, ಒಂದಂತಸ್ತು ಎಂದು ಬರೆದು. ನನ್ನೊಬ್ಬನಿಗಲ್ಲ, ಆ ನಕ್ಷೆ ಬಳಸುವವರಿಗೆಲ್ಲ ಇನ್ನು ಆ ಓಣಿಗಳು ಸಿಗುತ್ತವೆ. ಚೂಪುಗಿಡಗಳನ್ನು ತೆಗೆದು ಬೇವು, ಜಾಲಿ ನೆಟ್ಟೆ, ಅದೂ ದಾರಿಬದಿಗೆ, ಹಳ್ಳದ ದಂಡೆಗೆ ಮಾತ್ರ. ಬಯಲು ಬಯಲಾಗಿಯೇ ಇರಲಿ.

ಏರಿಳಿತವಿಲ್ಲದ ನೆಲಕ್ಕೆ ಸಣ್ಣ ತ್ರಿಕೋನಗಳ ಜಾಲ ಬೇಡವೆಂದು ಅದನ್ನೂ ಸಡಿಲಿಸಿದೆ. ಅದರಿಂದ ಉಳಿದದ್ದು ಸ್ವಲ್ಪ, ಗಿಡ ಮನೆ ಕಡಿಮೆಯಾದದ್ದರಿಂದ ಉಳಿದದ್ದೇ ಬಹಳ. ಸಿಂದಗಿಯ ಮೇಲೆ ಈಗ 30 ಕದಲುವುದಿಲ್ಲ.

ಮುಂದೆ ಕೂಡಗಿ. 2,400 ಮೆಗಾವ್ಯಾಟ್‌ನ ಆ ಉಷ್ಣ ಸ್ಥಾವರದ ಚಿಮಣಿಗಳು ಕೆಳಗೆ ಹಾರುವವನಿಗೆ ದೂರದಿಂದಲೇ ದಾರಿ ಹೇಳುತ್ತವೆ, ಪರದೆಯಲ್ಲಿ ಅಲ್ಲಿ ಇನ್ನೂ ಖಾಲಿ ನೆಲ. ಆಲಮಟ್ಟಿಯ 26 ಗೇಟುಗಳೂ ಬಾಕಿ. ಬುರಣಾಪುರದ ಹತ್ತಿರ ವಿಜಯಪುರದ ವಿಮಾನ ನಿಲ್ದಾಣ ಕಟ್ಟುತ್ತಿದ್ದಾರೆ. ಶಾಲೆ ಶುರುವಾಗುವ ಮೊದಲು ಒಂದು ದಿನ ಆ ಕಡೆ ಹೋಗಿ, ರನ್‌ವೇಯ ದಿಕ್ಕು ನೋಡಿಕೊಂಡು ಬರಬೇಕು.