‘ಹೇಳಕ್ಕಾಗಲ್ಲ’ ಅನ್ನೋದೂ ಒಂದು ಉತ್ತರ

ಕ್ಲಾಸಿಫಿಕೇಶನ್ ಮಾಡೆಲ್ ರನ್ ಮಾಡಿದ ಕೂಡಲೇ ನಾವೆಲ್ಲ ನೋಡೋದು ಅಕ್ಯುರಸಿ. 98 ಬಂದ್ರೆ ಸ್ಕ್ರೀನ್‌ಶಾಟ್ ಗ್ರೂಪಿಗೆ ಹೋಗುತ್ತೆ. ಉಳಿದ 2 ಎಲ್ಲಿ ತಪ್ಪಾಯ್ತು ಅಂತ ಯಾರೂ ಕೇಳಲ್ಲ. ಐರಿಸ್ ಹೂವಿನ ಡೇಟಾಗೆ ಇದು ನಡೆಯುತ್ತೆ. ಬಂದೂಕಿನ ವಿಷಯದಲ್ಲಿ ನಡೆಯಲ್ಲ.

ಪಿಸ್ತೂಲು ಹಾರಿಸಿದಾಗ ಫೈರಿಂಗ್ ಪಿನ್ ಕಾಟ್ರಿಜ್‌ನ ತಳಕ್ಕೆ ಗುದ್ದಿ ಗುರುತು ಬಿಡುತ್ತೆ. ನಳಿಕೆಯೊಳಗಿನ ಗೀರುಗಳು ಗುಂಡಿನ ಮೇಲೆ ಮೂಡುತ್ತವೆ. ಪರಿಣತರು ಎರಡು ಗುಂಡುಗಳನ್ನು ಮೈಕ್ರೋಸ್ಕೋಪಿನಲ್ಲಿ ಅಕ್ಕಪಕ್ಕ ಇಟ್ಟು, ಒಂದೇ ಗನ್ನಿನವೋ ಅಲ್ಲವೋ ಅಂತ ಹೇಳುತ್ತಾರೆ. ಇದು ನಮಗೆ ದೂರದ ಮಾತಲ್ಲ. 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಹತ್ಯೆಯಾಯಿತು. ಎರಡೂ ಕಡೆ ಬಳಸಿದ್ದು ಒಂದೇ 7.65 ಎಂ.ಎಂ. ನಾಡ ಪಿಸ್ತೂಲು ಎಂಬ ವಿಧಿವಿಜ್ಞಾನ ವರದಿ ಈ ಎರಡು ತನಿಖೆಗಳನ್ನು ಜೋಡಿಸಿತು. ಅಷ್ಟು ತೂಕ ಈ ಗೀರುಗಳಿಗೆ.

ಹಾಗಾದ್ರೆ ತಪ್ಪಾಗೋದು ಎಷ್ಟು? 2014ರಲ್ಲಿ ಅಮೆರಿಕದ ಏಮ್ಸ್ ಲ್ಯಾಬೊರೇಟರಿ 218 ಪರಿಣತರಿಗೆ ಕಾಟ್ರಿಜ್ ಕೇಸ್‌ಗಳನ್ನು ಕೊಟ್ಟು ಪರೀಕ್ಷೆ ಮಾಡಿತು. ಬೇರೆ ಬೇರೆ ಗನ್ನುಗಳ 2178 ಹೋಲಿಕೆಗಳಲ್ಲಿ 22 ಸಲ ‘ಒಂದೇ ಗನ್’ ಎಂಬ ತಪ್ಪು ಉತ್ತರ ಬಂತು. ಅಂದ್ರೆ ಸುಮಾರು 1%. ಆದರೆ 735 ಸಲ ಪರಿಣತರು ‘ಹೇಳಕ್ಕಾಗಲ್ಲ’ ಅಂದಿದ್ದರು. ಅವನ್ನು ಬಿಟ್ಟು, ಖಚಿತ ಉತ್ತರ ಬಂದ 1443ನ್ನು ಮಾತ್ರ ತಗೊಂಡ್ರೆ 66ಕ್ಕೆ ಒಂದು ತಪ್ಪು. 2016ರಲ್ಲಿ ಅಮೆರಿಕ ಅಧ್ಯಕ್ಷರ ವಿಜ್ಞಾನ ಸಲಹಾ ಮಂಡಳಿ ಹಿಡಿದದ್ದು ಈ ಎರಡನೇ ಲೆಕ್ಕವನ್ನೇ. ಮೇಲಿನ 22 ಹಾಗೇ ಇದೆ, ಕೆಳಗಿನ ಸಂಖ್ಯೆ ಮಾತ್ರ ಬದಲಾಯ್ತು. ಕಟಕಟೆಯಲ್ಲಿ ನಿಂತವನಿಗೆ ಅದು ಸಣ್ಣ ವ್ಯತ್ಯಾಸ ಅಲ್ಲ.

ಮಷೀನಿಗೆ ಬಿಟ್ಟರೆ? 2017ರಲ್ಲಿ ಅಯೋವಾ ಸ್ಟೇಟ್ ಯೂನಿವರ್ಸಿಟಿಯವರು ಗುಂಡುಗಳನ್ನು 3ಡಿ ಸ್ಕ್ಯಾನ್ ಮಾಡಿ, ಗೀರುಗಳ ಹೋಲಿಕೆಯನ್ನು ಅಳೆದು, ರ‍್ಯಾಂಡಮ್ ಫಾರೆಸ್ಟ್‌ಗೆ ಕೊಟ್ಟ ವಿಧಾನ ಪ್ರಕಟಿಸಿದರು. ಅದು ಕೊಡೋದು ಒಂದು ಸ್ಕೋರ್. ಅದೇ ಡೇಟಾ, ಅದೇ ಮಾಡೆಲ್ ಇದ್ರೆ ಯಾರು ಓಡಿಸಿದ್ರೂ ಅದೇ ಸ್ಕೋರ್. ಇದು ದೊಡ್ಡ ಲಾಭ. ಆದರೆ ಥ್ರೆಶೋಲ್ಡ್ ಎಲ್ಲಿಡಬೇಕು? ಕೆಳಗಿಟ್ಟರೆ ನಿರಪರಾಧಿ ಸಿಕ್ಕಿಬೀಳಬಹುದು, ಮೇಲಿಟ್ಟರೆ ಕೊಂದವನು ಪಾರಾಗಬಹುದು. ಇದನ್ನು ಕೋಡ್ ತೀರ್ಮಾನ ಮಾಡಲ್ಲ, ಮನುಷ್ಯರೇ ಮಾಡಬೇಕು.

ನಮಗೆ ಕೊಡೋ ಡೇಟಾಸೆಟ್‌ಗಳಲ್ಲಿ ಸಾಮಾನ್ಯವಾಗಿ ಎರಡೇ ಲೇಬಲ್: ಹೌದು, ಅಲ್ಲ. ಮುಂದೆ ಇಂಥ ಮಾಡೆಲ್‌ಗಳನ್ನು ಬರೆಯೋರು ನಾವೇ. ‘ಹೇಳಕ್ಕಾಗಲ್ಲ’ ಅನ್ನೋಕೆ ಅದರಲ್ಲಿ ಜಾಗ ಇಡೋಣ. ರಿಸಲ್ಟ್ ತೋರಿಸುವಾಗ ಅದು ಎಷ್ಟು ಸಲ ಬಂತು ಅನ್ನೋದನ್ನೂ ಅಕ್ಯುರಸಿ ಪಕ್ಕದಲ್ಲೇ ಬರೆಯೋಣ.