ನಾಯಕನಿಗೆ ದುಡ್ಡು ಎಲ್ಲಿಂದ ಬಂತು?

ಕಾದಂಬರಿ ಓದಿದರೆ ಹೆಣ್ಣುಮಕ್ಕಳು ಕೆಡುತ್ತಾರೆ ಎಂಬ ಮಾತಿಗೆ ಹೆಚ್ಚುಕಡಿಮೆ ಕಾದಂಬರಿಯಷ್ಟೇ ವಯಸ್ಸು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಹೆಸರಾದ ‘ಇಂದಿರಾಬಾಯಿ’ ಅಚ್ಚಾದದ್ದು 1899ರಲ್ಲಿ. ಬರೆದವರು ಪೊಲೀಸ್ ಇಲಾಖೆಯಲ್ಲಿದ್ದ ಗುಲ್ವಾಡಿ ವೆಂಕಟರಾಯರು. ಅವರ ಹೆಸರಿನೊಡನೆ ಇರುವ ಗುಲ್ವಾಡಿ ಕುಂದಾಪುರ ತಾಲೂಕಿನ ಊರು. ಬಾಲವಿಧವೆಯೊಬ್ಬಳು ವಿದ್ಯೆ ಕಲಿತು, ಮೆಚ್ಚಿದವನನ್ನು ಮರುಮದುವೆಯಾಗುವ ಕತೆ ಅದು. ನೂರಿಪ್ಪತ್ತೈದು ವರ್ಷಗಳು ಕಳೆದವು. ಪುಸ್ತಕಗಳು ಬದಲಾದವು, ಆರೋಪ ಬದಲಾಗಲಿಲ್ಲ. ಹಿಂದೆ ತಲೆದಿಂಬಿನ ಅಡಿಯಲ್ಲಿ ಅಡಗುತ್ತಿದ್ದ ಪ್ರೇಮಕಾದಂಬರಿ ಈಗ ಮೊಬೈಲಿನ ಒಳಗೆ ಅಡಗುತ್ತದೆ, ಅಷ್ಟೆ.

ಅದೇ ತಾಲೂಕಿನ ಇನ್ನೊಂದು ತುದಿಯಲ್ಲಿ, ಘಟ್ಟದ ಬುಡಕ್ಕೆ ಒತ್ತಿಕೊಂಡಿರುವ ಅಮಾಸೆಬೈಲಿನಲ್ಲಿ, 2025ರ ಮಳೆಗಾಲದಲ್ಲಿ ಈ ಆರೋಪದ ವಿಚಾರಣೆಯೊಂದು ಮನೆಯ ಜಗಲಿಯಲ್ಲೇ ನಡೆಯಿತು. ದೂರು ಕೊಟ್ಟವರು ಅಡಿಕೆ ತೋಟ ನೋಡಿಕೊಂಡಿರುವ ತಂದೆ. ಆರೋಪಿ, ದಿನಾ ಬಸ್ಸು ಹಿಡಿದು ಕಾಲೇಜಿಗೆ ಹೋಗುವ, ದ್ವಿತೀಯ ಪಿಯುಸಿ ವಿಜ್ಞಾನ ಓದುವ ಮಗಳು. ಭೌತಶಾಸ್ತ್ರದ ಕಿರುಪರೀಕ್ಷೆಯಲ್ಲಿ ಅಂಕ ಬಿದ್ದದ್ದಕ್ಕೆ ಕಾರಣ ಹುಡುಕುತ್ತ ಹೋದ ತಂದೆಗೆ, ರಾತ್ರಿ ಹನ್ನೊಂದರ ಮೇಲೆ ಮಗಳು ಮೊಬೈಲಿನಲ್ಲಿ ಓದುತ್ತಿದ್ದ ಧಾರಾವಾಹಿ ಸಿಕ್ಕಿತು. ಕೋಟ್ಯಧಿಪತಿ ನಾಯಕ, ಬಡ ನಾಯಕಿ, ಒಂದು ವರ್ಷದ ಒಪ್ಪಂದದ ಮದುವೆ. ಇನ್ನು ಪಠ್ಯಪುಸ್ತಕ ಬಿಟ್ಟು ಬೇರೊಂದು ಅಕ್ಷರವೂ ಬೇಡ ಎಂದು ಅವರು ಕೂಗಾಡಿದರು.

“ಅಮ್ಮ, ಇವ್ಳ್ ಓದುದ್ ಎಂತ ಅಂದೇಳಿ ಕಂಡಿದ್ಯಾ?” ಎಂದು ತಾಯಿಯ ಕಡೆ ತಿರುಗಿದರು.

“ನೀ ಬೊಬ್ಬೆ ಹೊಡಿಬೇಡ. ಮೊದ್ಲ್ ನಾನ್ ಓದಿ ಕಾಂತೆ” ಎಂದರು ಎಪ್ಪತ್ತಮೂರರ ಅಜ್ಜಿ.

ಹಾಗೆ ಹೇಳುವ ಹಕ್ಕು ಅವರಿಗಿತ್ತು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ಈ ಹೆಂಗಸು ಮದುವೆಯಾಗಿ ಬಂದದ್ದು 1971ರಲ್ಲಿ. ಎರಡು ವರ್ಷ ಕಳೆದ ಮೇಲೆ ಒಂದು ನೋಟುಪುಸ್ತಕ ಹಿಡಿದರು. ಓದಿದ ಪುಸ್ತಕದ ಹೆಸರು, ತಂದುಕೊಟ್ಟವರು ಯಾರು, ಎಷ್ಟು ರಾತ್ರಿಯಲ್ಲಿ ಮುಗಿಯಿತು, ಕೊನೆಗೆ ಒಂದೆರಡು ಸಾಲಿನ ಅಭಿಪ್ರಾಯ. ಪ್ರಯೋಗಶಾಲೆಯ ರೆಕಾರ್ಡ್ ಬರೆಯಲು ಗೋಳಾಡುವ ವಿದ್ಯಾರ್ಥಿಗಳು ಇದನ್ನು ಒಮ್ಮೆ ನೋಡಬೇಕು. ಉದ್ದೇಶ, ವಿಧಾನ ಎಂಬ ತಲೆಬರಹಗಳಿಲ್ಲ. ಆದರೆ ಕಂಡದ್ದು ಬೇರೆ, ತೀರ್ಮಾನ ಬೇರೆ ಎಂಬ ವಿವೇಕ ಇದೆ. ಈಗ ಅಂಥವು ನಾಲ್ಕು ನೋಟುಪುಸ್ತಕಗಳಾಗಿವೆ.

ಆ ಕಾಲದಲ್ಲಿ ಅಲ್ಲಿಗೆ ಪುಸ್ತಕ ಬರುವುದೇ ಒಂದು ಸಾಹಸ. ಕುಂದಾಪುರಕ್ಕೆ ಹೋದವರು ಬಾಡಿಗೆ ಪುಸ್ತಕದ ಅಂಗಡಿಯಿಂದ ತಂದರೆ ಉಂಟು, ಇಲ್ಲವಾದರೆ ಇಲ್ಲ. ಉಳಿದಂತೆ ವಾರಪತ್ರಿಕೆಗಳೇ ಗತಿ. 1965ರಲ್ಲಿ ಹುಟ್ಟಿದ ‘ಸುಧಾ’, 1983ರಲ್ಲಿ ಮಣಿಪಾಲದಿಂದ ಹೊರಟ ‘ತರಂಗ’ ಮನೆಯಿಂದ ಮನೆಗೆ ತಿರುಗಿ, ಹಿಂದೆ ಬರುವಾಗ ಧಾರಾವಾಹಿಯ ಹಾಳೆಗಳು ಕಾಣೆಯಾಗಿರುತ್ತಿದ್ದವು. ಯಾರೋ ಹರಿದಿಟ್ಟುಕೊಂಡು, ಗೋಣಿ ಹೊಲಿಯುವ ಸೂಜಿಯಿಂದ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿ ಪುಸ್ತಕ ಮಾಡಿರುತ್ತಿದ್ದರು. ಎಷ್ಟೋ ಮನೆಗಳಲ್ಲಿ ಲಕ್ಷ್ಮಿ ಸರಸ್ವತಿಯರ ಪಟದ ಹಿಂದೆ ಪ್ರೇಮಕಾದಂಬರಿ ಇರುತ್ತಿದ್ದುದು ಹೀಗೆ. ಚಿಮಣಿ ದೀಪದಲ್ಲಿ ಓದಿದರೆ ಸೀಮೆಎಣ್ಣೆಯ ಲೆಕ್ಕ ಕೇಳುವವರಿದ್ದರು. ವಿದ್ಯುತ್ ಬಂದ ಮೇಲೂ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಮತ್ತೆ ಚಿಮಣಿಯೇ. ಹೋದ ದಶಕದ ನಡುವಿನಲ್ಲಿ ಎ. ಜಿ. ಕೊಡ್ಗಿಯವರ ಮುಂದಾಳತ್ವದಲ್ಲಿ ಪಂಚಾಯತಿನ ಒಂದೂವರೆ ಸಾವಿರದಷ್ಟು ಮನೆಗಳಿಗೆ ಸೋಲಾರ್ ದೀಪ ಬಂದಾಗ ಊರಿಗೆ ಹೆಸರು ಬಂತು. ಅಜ್ಜಿಗೆ ಬಂದದ್ದು ರಾತ್ರಿ ಇನ್ನೊಂದು ಅಧ್ಯಾಯ.

ನೋಟುಪುಸ್ತಕದಲ್ಲಿ ಮತ್ತೆ ಮತ್ತೆ ಬರುವ ಒಂದು ಪ್ರಶ್ನೆ ಉಂಟು: “ದುಡ್ಡು ಎಲ್ಲಿಂದ?” ನಾಯಕ ಕಾರಿನಿಂದ ಇಳಿಯುತ್ತಾನೆ, ಸೀರೆ ಕೊಡಿಸುತ್ತಾನೆ, ಊಟಿಗೆ ಕರೆದೊಯ್ಯುತ್ತಾನೆ. ಆದರೆ ಅವನು ಕೆಲಸಕ್ಕೆ ಹೋಗುವುದು ಎಂದು? ನಾಯಕಿ ಕಣ್ಣೀರು ಹಾಕುವ ಹೊತ್ತಿಗೆ ಆ ಮನೆಯಲ್ಲಿ ಅನ್ನ ಬಸಿಯುವವರು ಯಾರು? ಈ ಲೆಕ್ಕ ತಪ್ಪಿದ ಪುಸ್ತಕಗಳಿಗೆ ಅಜ್ಜಿ “ತಲೆನೋವಿಗೆ ಅಡ್ಡಿಲ್ಲ” ಎಂದು ಬರೆದು ಬಿಡುತ್ತಾರೆ. ಅದು ಬೈಗುಳವಲ್ಲ. ದಿನವಿಡೀ ಅಡಿಕೆ ಸುಲಿದವರಿಗೆ ತಲೆನೋವೂ ನಿಜ, ಮದ್ದೂ ನಿಜ. ನೂರಕ್ಕೂ ಮೀರಿ ಕಾದಂಬರಿ ಬರೆದ ಸಾಯಿಸುತೆಯವರ ಹೆಸರು ನಾಲ್ಕು ಪುಸ್ತಕಗಳಲ್ಲೂ ಇದೆ. ‘ಮಿಡಿದ ಶ್ರುತಿ’ 1992ರಲ್ಲಿ ಸಿನಿಮಾ ಆದಾಗ, ಪುಸ್ತಕ ಮೊದಲೇ ಓದಿದ್ದೆನೆಂಬ ಗರ್ವದ ಒಂದು ಸಾಲು ಸೇರಿದೆ. ಇಂಥ ಪುಸ್ತಕಗಳನ್ನು ಹೀಗಳೆಯುವ ಪಂಡಿತರು, ಕನ್ನಡ ಓದುವ ಅಭ್ಯಾಸವನ್ನು ಅಡುಗೆಮನೆಯಲ್ಲಿ ಉಳಿಸಿದ್ದು ಯಾರೆಂಬುದನ್ನು ಮರೆಯುತ್ತಾರೆ.

ತ್ರಿವೇಣಿಯವರ ವಿಷಯ ಬೇರೆ. 1963ರಲ್ಲಿ, ಮೂವತ್ತೈದೂ ತುಂಬದೆ ತೀರಿಕೊಂಡ ಈ ಲೇಖಕಿಯ ‘ಬೆಳ್ಳಿಮೋಡ’ಕ್ಕೆ ಅಜ್ಜಿಯ ಪುಸ್ತಕದಲ್ಲಿ ಅರ್ಧ ಪುಟ. ಅದೂ ಪ್ರೇಮದ ಕತೆಯೇ. ಆದರೆ ಒಬ್ಬಳೇ ಮಗಳೆಂದು ಇಂದಿರೆಯನ್ನು ಒಪ್ಪಿದ ಮೋಹನ, ಅವಳಿಗೆ ತಮ್ಮ ಹುಟ್ಟಿ ಆಸ್ತಿ ಕೈತಪ್ಪಿದೊಡನೆ ಹಿಂದೆ ಸರಿಯುತ್ತಾನೆ. “ಇಲ್ಲಿ ದುಡ್ಡು ಎಲ್ಲಿಂದ ಅಂತ ಹೇಳಿದ್ದಾರೆ” ಎಂದು ಅಜ್ಜಿಯ ಷರಾ. ‘ಶರಪಂಜರ’ದ ಬಗ್ಗೆ ಒಂದೇ ಸಾಲು: “ಕಾವೇರಿಗೆ ಹುಚ್ಚು ಬಿಟ್ಟಿತು, ಮನೆಯವರಿಗೆ ಬಿಡಲಿಲ್ಲ.” ಘಟ್ಟದ ಮೇಲಿನ ತೀರ್ಥಹಳ್ಳಿಯ ಎಂ. ಕೆ. ಇಂದಿರಾ 1976ರಲ್ಲಿ ಕೊಟ್ಟ ‘ಫಣಿಯಮ್ಮ’ದಲ್ಲಿ ನಾಯಕನೂ ಇಲ್ಲ, ಪ್ರೇಮವೂ ಇಲ್ಲ. ಅದನ್ನು ಮೂರು ಸಲ ಓದಿದ ಗುರುತಿದೆ.

ಅಜ್ಜಿ ಮೊಮ್ಮಗಳ ಮೊಬೈಲನ್ನು ಒಂದು ವಾರ ತಮ್ಮ ಹತ್ತಿರ ಇಟ್ಟುಕೊಂಡರು. ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಬಹುದೆಂಬುದೇ ಅವರಿಗೆ ಮೊದಲ ಸಂತೋಷ. ಕನ್ನಡಕ ಬದಲಿಸುವ ಖರ್ಚು ಉಳಿಯಿತು. ಪ್ರತಿಲಿಪಿಯಂಥ ಆ್ಯಪ್‌ಗಳಲ್ಲಿ ಯಾರು ಬೇಕಾದರೂ ಬರೆಯಬಹುದು, ಸಂಪಾದಕರ ಕತ್ತರಿ ಇಲ್ಲ ಎಂಬುದನ್ನು ಮೊಮ್ಮಗಳೇ ವಿವರಿಸಿದಳು. ವಾರದ ಕೊನೆಗೆ ಮೂರು ಧಾರಾವಾಹಿಗಳ ಅಭಿಪ್ರಾಯ ನೋಟುಪುಸ್ತಕಕ್ಕೆ ಸೇರಿತು. ಒಂದು, “ಪ್ರತಿ ಕಂತಿನ ಕೊನೆಗೆ ಯಾರೋ ಬಾಗಿಲು ಬಡಿಯುತ್ತಾರೆ. ತೆಗೆದರೆ ಹಾಲಿನವನು.” ಇನ್ನೊಂದು, ಲಾರಿ ಚಾಲಕನೊಬ್ಬ ಮತ್ತು ನರ್ಸ್ ಒಬ್ಬಳ ಕತೆ. ಬರೆದವರು ಹೊಸಬರೆಂದು ಕಾಣುತ್ತದೆ, ಕಾಗುಣಿತ ತಪ್ಪು, ಆದರೆ ಡೀಸೆಲ್ ದರ ಸರಿ ಇದೆ. ಅದಕ್ಕೆ “ಒಳ್ಳೆಯದು” ಎಂದು ಸಿಕ್ಕಿತು. ಮೂರನೆಯದು ಜಗಳಕ್ಕೆ ಕಾರಣವಾದ ಕೋಟ್ಯಧಿಪತಿ. ಅವನು ನಾಯಕಿಯ ಕೈ ತಿರುಚುತ್ತಾನೆ, ಕೋಣೆಯಲ್ಲಿ ಕೂಡಿಹಾಕುತ್ತಾನೆ, ನೂರನೆಯ ಕಂತಿಗೆ ಅವಳ ತಾಳ್ಮೆಗೆ ಕರಗಿ ಕಾಲು ಹಿಡಿಯುತ್ತಾನೆ. ಇದರ ಮುಂದೆ ಅಜ್ಜಿ ಏನೂ ಬರೆಯಲಿಲ್ಲ. ಮೊದಲ ನೋಟುಪುಸ್ತಕ ತೆಗೆದು ಒಂದು ಪುಟಕ್ಕೆ ಗರಿಯ ಕಡ್ಡಿ ಇಟ್ಟು ಮೊಮ್ಮಗಳ ಕೈಗೆ ಕೊಟ್ಟರು.

ಆ ಪುಟ 1979ರದ್ದು. ರಟ್ಟು ಹೋದ ಯಾವುದೋ ಕಾದಂಬರಿ, ಹೆಸರು ಇಲ್ಲ, ಬರೆದವರು ಯಾರೆಂದೂ ಇಲ್ಲ. ಕಠಿಣ ಮನಸ್ಸಿನ ಗಂಡ, ಎಲ್ಲವನ್ನೂ ನುಂಗಿಕೊಳ್ಳುವ ಹೆಂಡತಿ, ಕೊನೆಗೆ ಗಂಡನ ಮನಸ್ಸು ಕರಗುವ ಕತೆಯೆಂದು ಎರಡು ಸಾಲಿನಲ್ಲಿದೆ. ಕೆಳಗೆ ದುಂಡಗಿನ ಅಕ್ಷರದಲ್ಲಿ, “ಎಂಥ ತಾಳ್ಮೆ! ಹೀಗೆ ಇರಬೇಕು.” ಅದರ ಪಕ್ಕದಲ್ಲಿ ಬೇರೆ ಶಾಯಿಯಲ್ಲಿ ಒಂದೇ ಶಬ್ದ, “ಸುಳ್ಳು.” ಅದಕ್ಕೆ ಇಸವಿ 1990.

“ಅಜ್ಜಿ, ಇದ್ ಎಂತಕೆ ಹೀಂಗ್ ಬರ್ದದ್?” ಎಂದು ಹುಡುಗಿ ಕೇಳಿದಳು. ಅಜ್ಜಿ ಉತ್ತರ ಕೊಡಲಿಲ್ಲ. ಆದರೆ ಉತ್ತರ ಮಗನಿಗೆ ಗೊತ್ತಿತ್ತು. ಆ ಮನೆಯ ಯಜಮಾನರ ಕೈ ಆ ವರ್ಷಗಳಲ್ಲಿ ಮಾತಿಗಿಂತ ಮುಂದೆ ಇರುತ್ತಿತ್ತು. ಅವರು ತೀರಿಹೋಗಿ ಹದಿನೈದು ವರ್ಷದ ಮೇಲಾಯಿತು. ಆ ವಿಷಯವನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. 1979ರಲ್ಲಿ ಐದು ವರ್ಷದವರಾಗಿದ್ದ ಮಗ ಪುಟ ನೋಡಿ, ಟೋಪಿ ತಲೆಗಿಟ್ಟು ತೋಟದ ಕಡೆ ಹೋದವರು ಮಧ್ಯಾಹ್ನದ ಊಟಕ್ಕೆ ತಡವಾಗಿ ಬಂದರು.

1990ರಲ್ಲಿ ನಡೆದದ್ದೇನು? ಅದು ಅದೇ ವರ್ಷದ ಪುಟಗಳಲ್ಲಿದೆ. ಊರಿನ ಯಾರೋ ಉಪಾಧ್ಯಾಯರು ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ತಂದುಕೊಟ್ಟಿದ್ದರು. ಕೋಟದ ಕಾರಂತರು 1940ರ ದಶಕದ ಆರಂಭದಲ್ಲಿ ಬರೆದ ಈ ಕಾದಂಬರಿ ಕಡಲತಡಿಯ ಒಂದು ಮನೆಯ ಮೂರು ತಲೆಮಾರಿನ ಕತೆ. ಅದರಲ್ಲಿ ಲಚ್ಚನೆಂಬ ಗಂಡನಿದ್ದಾನೆ, ನಾಗವೇಣಿಯೆಂಬ ಹೆಂಡತಿಯಿದ್ದಾಳೆ. ಲಚ್ಚ ಆಸ್ತಿ ಕರಗಿಸುತ್ತಾನೆ, ಹೆಂಡತಿಗೆ ರೋಗ ಅಂಟಿಸುತ್ತಾನೆ. ನಾಗವೇಣಿಯ ತಾಳ್ಮೆ ಯಾವ ನಾಯಕಿಗಿಂತಲೂ ಕಡಿಮೆಯಿಲ್ಲ, ಆದರೂ ಲಚ್ಚ ಬದಲಾಗುವುದಿಲ್ಲ. ಅವಳು ಮಗನನ್ನು ಸಾಕುತ್ತಾಳೆ, ಪಿಟೀಲು ನುಡಿಸುತ್ತಾಳೆ, ಬದುಕುತ್ತಾಳೆ. ಅಜ್ಜಿಗೆ ಈ ಪುಸ್ತಕ ಮುಗಿಸಲು ಹತ್ತೊಂಬತ್ತು ರಾತ್ರಿ ಬೇಕಾಯಿತು. “ಲಚ್ಚ ಕಡೆವರೆಗೂ ಹಾಗೇ ಇದ್ದ. ಇವರಿಗೆ ಗೊತ್ತಿದೆ” ಎಂದು ಅಭಿಪ್ರಾಯ. ಆಮೇಲೆ ಹಿಂದಿನ ಪುಸ್ತಕ ತೆಗೆದು ಆ ಒಂದು ಶಬ್ದ ಸೇರಿಸಿದ್ದಾರೆ. ಹನ್ನೊಂದು ವರ್ಷದ ಹಿಂದಿನ ತೀರ್ಮಾನವನ್ನು ಹೊಡೆದುಹಾಕಲಿಲ್ಲ ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು. ರೆಕಾರ್ಡಿನಲ್ಲಿ ಹಳೆಯ ಓದಿಕೆ ಹಾಗೆಯೇ ಉಳಿಯಬೇಕು, ಪಕ್ಕದಲ್ಲಿ ಹೊಸದು ಬರಬೇಕು.

ಆಗ ಯಾರಾದರೂ ಪ್ರೇಮಕಾದಂಬರಿಯನ್ನು ಕಸಿದುಕೊಂಡಿದ್ದರೆ ಅವರ ಕೈಗೆ ಕಾರಂತರು ಬರುತ್ತಿದ್ದರೇ ಎಂಬುದು ಸಂಶಯ. ಓದುವ ವೇಗ, ಕೂರುವ ಅಭ್ಯಾಸ, ರಾತ್ರಿ ಒಂದು ಗಂಟೆ ತನ್ನದೆಂದು ಹಟ ಹಿಡಿಯುವ ಧೈರ್ಯ, ಇವೆಲ್ಲ ಆ ತಲೆನೋವಿನ ಮದ್ದುಗಳಿಂದಲೇ ಬಂದವು. ತಂದೆತಾಯಂದಿರ ಭಯದಲ್ಲಿ ಹುರುಳಿಲ್ಲವೆಂದಲ್ಲ. ಕೈ ತಿರುಚುವವನನ್ನು ಪ್ರೇಮಿಯೆಂದು ಕಂತು ಕಂತಾಗಿ ನಂಬಿಸುವ ಬರಹದಿಂದ ಹಾನಿಯುಂಟು. ಆದರೆ ಆ ಹಾನಿಯನ್ನು ತೋರಿಸಿಕೊಡುವುದು ಇನ್ನೊಂದು ಪುಸ್ತಕವೇ ಹೊರತು ಖಾಲಿ ಕೈಯಲ್ಲ. ಇನ್ನು ನಿದ್ದೆ ಕೆಡುವ ವಿಷಯ ಬೇರೆ. ಹನ್ನೊಂದರ ಮೇಲೆ ‘ಮರಳಿ ಮಣ್ಣಿಗೆ’ ಓದಿದರೂ ಬೆಳಿಗ್ಗೆ ಭೌತಶಾಸ್ತ್ರದ ತರಗತಿಯಲ್ಲಿ ತೂಕಡಿಕೆ ಬರುತ್ತದೆ.

ರಾಜಿ ಹೀಗಾಯಿತು. ರಾತ್ರಿ ಒಂಬತ್ತಕ್ಕೆ ಮೊಬೈಲು ಅಜ್ಜಿಯ ವಶ. ಪುಸ್ತಕಕ್ಕೆ ತಡೆಯಿಲ್ಲ, ಆದರೆ ಓದಿದ್ದಕ್ಕೆಲ್ಲ ಅಭಿಪ್ರಾಯ ಬರೆಯಬೇಕು. ಗ್ರಾಮ ಪಂಚಾಯತು ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರವೆಂದು ಹೆಸರು. 2020ರಲ್ಲಿ ‘ಓದುವ ಬೆಳಕು’ ಯೋಜನೆ ಶುರುವಾದಂದಿನಿಂದ ಮಕ್ಕಳಿಗೆ ಸದಸ್ಯತ್ವ ಉಚಿತ. ಹಾಗಿದ್ದೂ ಎಷ್ಟು ಮನೆಗಳವರು ಕಾರ್ಡು ಮಾಡಿಸಿದ್ದಾರೋ! ಹುಡುಗಿ ಮೊದಲು ತಂದದ್ದು ತೇಜಸ್ವಿಯವರ ‘ಕರ್ವಾಲೊ’. ಹಾರುವ ಓತಿಯ ಹಿಂದೆ ಕಾಡು ಅಲೆಯುವ ವಿಜ್ಞಾನಿ ಅವಳಿಗೆ ಹಿಡಿಸಿದ. “ಪ್ರೇಮ ಇಲ್ಲ, ಆದರೂ ಮುಗಿಯುವವರೆಗೆ ಬಿಡಲಾಗಲಿಲ್ಲ” ಎಂದು ಐದನೆಯ ನೋಟುಪುಸ್ತಕದ ಮೊದಲ ಪುಟದಲ್ಲಿದೆ.

ಎರಡನೆಯದು ವಸುಧೇಂದ್ರರ ‘ತೇಜೋ ತುಂಗಭದ್ರಾ’, 2019ರದ್ದು. ಇದನ್ನು ಇಬ್ಬರೂ ಓದಿದರು. ಐನೂರು ವರ್ಷಗಳ ಹಿಂದೆ ಲಿಸ್ಬನ್ನಿನ ಹುಡುಗನೊಬ್ಬ ಮೆಚ್ಚಿದ ಹುಡುಗಿಯನ್ನು ಮದುವೆಯಾಗಲು ದುಡ್ಡು ಬೇಕೆಂದು ಭಾರತಕ್ಕೆ ಹಡಗು ಹತ್ತುತ್ತಾನೆ. ಆ ಹಡಗುಗಳು ಸಮುದ್ರ ದಾಟಿ ಬಂದದ್ದು ಕರಿಮೆಣಸಿಗಾಗಿ. ಅಜ್ಜಿಗೆ ಇದಕ್ಕಿಂತ ಬೇರೆ ಏನು ಬೇಕು? ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿ ಅಂಗಳದಿಂದಲೇ ಕಾಣುತ್ತದೆ. “ದುಡ್ಡು ಎಲ್ಲಿಂದ ಅಂತ ಈ ಪುಣ್ಯಾತ್ಮ ಮೊದಲೇ ಹೇಳಿದ” ಎಂದು ಬರೆದರು. ಮೊಮ್ಮಗಳ ಅಭಿಪ್ರಾಯ ಅಷ್ಟು ಉದಾರವಾಗಿಲ್ಲ. ಸಾವುಗಳು ಜಾಸ್ತಿಯಾದವು ಎಂದಿದ್ದಾಳೆ. ಇಬ್ಬರಿಗೂ ಎರಡು ದಿನ ಅದರ ಮೇಲೆ ಚರ್ಚೆ ನಡೆಯಿತು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಭೌತಶಾಸ್ತ್ರ ಸ್ವಲ್ಪ ಮೇಲೆ ಬಂತು, ಗಣಿತ ಅಲ್ಲೇ ಉಳಿಯಿತು. ಇದಕ್ಕೆ ಕಾರಣ ನಿದ್ದೆಯೋ, ಪುಸ್ತಕವೋ, ಹೊಸ ಟ್ಯೂಷನ್ನೋ ಎಂದು ಒಂದೇ ಪ್ರಯೋಗದಿಂದ ಹೇಳಲು ಬರುವುದಿಲ್ಲ. ತಂದೆ ಈಗ ಏನನ್ನೂ ಹೇಳುವುದಿಲ್ಲ, ಸಂತೆಗೆ ಹೋದಾಗ ಒಂದು ಹೊಸ ನೋಟುಪುಸ್ತಕ ತಂದು ಜಗಲಿಯ ಮೇಲೆ ಇಟ್ಟಿದ್ದಾರೆ.

ಮೊಬೈಲು ಮಾತ್ರ ಒಂಬತ್ತಕ್ಕೆ ಸರಿಯಾಗಿ ಅಜ್ಜಿಯ ಕೋಣೆಗೆ ಹೋಗುತ್ತದೆ. ಅಲ್ಲಿ ಹತ್ತೂವರೆಯವರೆಗೆ ಬೆಳಕು ಕಾಣುತ್ತದೆ. ಲಾರಿಯವನ ಕತೆ ನೂರ ನಲವತ್ತನೆಯ ಕಂತಿಗೆ ಬಂದಿದೆಯಂತೆ. ನರ್ಸಿಗೆ ದೂರದ ಊರಿಗೆ ವರ್ಗವಾಗಿದೆ.