ನಾವು ಮೋಟಾರು ಸೈಕಲ್ಲು ಕೊಂಡದ್ದು

ಐವತ್ತೆರಡು ವರ್ಷ ತುಂಬಿದ ಉಪಾಧ್ಯಾಯನೊಬ್ಬನು ದೂರ ಪ್ರಯಾಣಕ್ಕೆಂದು ಹೊಸ ಮೋಟಾರು ಸೈಕಲ್ಲನ್ನು ಕೊಳ್ಳಲು ಹೊರಟರೆ ನೆರೆಹೊರೆಯವರು ನಗುವುದು ಸಹಜವೇ. ಹಾಸನದ ನಮ್ಮ ಬೀದಿಯಲ್ಲಿಯೂ ನಕ್ಕರು. "ಈ ವಯಸ್ಸಿನಲ್ಲಿ ಒಂದು ಸಣ್ಣ ಕಾರು ತೆಗೆದುಕೊಳ್ಳುವುದು ಬಿಟ್ಟು ಇದೇನು, ಮೇಷ್ಟ್ರೇ?" ಎಂದು ಕೇಳಿದವರಿಗೆ ನಾನು ಪೆಟ್ರೋಲಿನ ಬೆಲೆಯನ್ನೂ ನಮ್ಮ ಓಣಿಯ ಅಗಲವನ್ನೂ ಕಾರಣವಾಗಿ ಹೇಳಿದೆನು. ಎರಡೂ ಸುಳ್ಳಲ್ಲ. ಆದರೆ ನಿಜವಾದ ಕಾರಣವು ಬೇರೆಯಾಗಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಕೈಯಲ್ಲಿದ್ದ ಹಣ ಎರಡು ಲಕ್ಷ ಎಪ್ಪತ್ತೈದು ಸಾವಿರ. ಅದಕ್ಕಿಂತ ಒಂದು ಕಾಸೂ ಮೀರಕೂಡದು, ಸಾಲವನ್ನೂ ಮಾಡಕೂಡದು ಎಂಬುದು ಮನೆಯಲ್ಲಿ ಆದ ಒಪ್ಪಂದ. ಮಗಳ ಓದು ಇನ್ನೂ ಎರಡು ವರ್ಷವಿತ್ತು.

ಮೋಹಕ್ಕೆ ಒಪ್ಪಂದ ತಿಳಿಯುವುದುಂಟೆ? ಹಿಮಾಲಯವನ್ನು ಚಿತ್ರದಲ್ಲಿ ಮಾತ್ರ ಕಂಡಿರುವ ನನಗೆ ಮೊದಲು ಮನಸ್ಸು ಹೋದದ್ದು ರಾಯಲ್ ಎನ್‌ಫೀಲ್ಡಿನವರ ಹಿಮಾಲಯನ್ 450ರ ಮೇಲೆ. 452 ಸಿ.ಸಿ.ಯ ಎಂಜಿನು, ನೀರಿನಿಂದ ತಂಪಾಗತಕ್ಕದ್ದು. ಸುಮಾರು ನಲವತ್ತು ಅಶ್ವಶಕ್ತಿ. 17 ಲೀಟರು ಹಿಡಿಯುವ ಟ್ಯಾಂಕು. ಬೆಂಗಳೂರಿನಲ್ಲಿರುವ ಮಗನು ದೂರವಾಣಿಯಲ್ಲಿ, "ಅಪ್ಪಾ, ತೆಗೆದುಕೊಂಡರೆ ಅದನ್ನೇ ತೆಗೆದುಕೊ. ಸಾಲದ ದುಡ್ಡು ನಾನು ಹಾಕುತ್ತೇನೆ" ಎಂದನು. ಹಾಗೆ ಹೇಳಿದ್ದು ಅವನ ದೊಡ್ಡತನ. ಆದರೆ ಮೂವತ್ತು ದಿನವೂ ಬಾಡಿಗೆಯ ಲೆಕ್ಕ ಹಾಕುವ ಹುಡುಗನ ಹಣದಲ್ಲಿ ತಂದೆಯು ಸವಾರಿ ಮಾಡುವುದು ನನಗೆ ಸರಿತೋರಲಿಲ್ಲ.

ಇಷ್ಟರಲ್ಲಿ ಸರಕಾರವೂ ಒಂದು ಗೆರೆಯನ್ನು ಎಳೆಯಿತು. 2025ರ ಸೆಪ್ಟೆಂಬರು 22ರಿಂದ 350 ಸಿ.ಸಿ. ಮತ್ತು ಅದಕ್ಕಿಂತ ಕಡಮೆಯ ಮೋಟಾರು ಸೈಕಲ್ಲುಗಳ ಮೇಲಿನ ಜಿ.ಎಸ್.ಟಿ. ಶೇಕಡ 28ರಿಂದ 18ಕ್ಕೆ ಇಳಿಯಿತು; ಅದಕ್ಕೆ ಮೇಲ್ಪಟ್ಟವುಗಳಿಗೆ ಹಿಂದೆ ಸೆಸ್ಸು ಸೇರಿ 31 ಇದ್ದದ್ದು 40ಕ್ಕೆ ಏರಿತು. ನನ್ನಂಥ ಮಧ್ಯಮ ವರ್ಗದವನ ಆಸೆಗೂ ಶಕ್ತಿಗೂ ನಡುವೆ ಇಷ್ಟು ಸ್ಪಷ್ಟವಾದ ಗಡಿಕಲ್ಲನ್ನು ಯಾರೂ ನೆಟ್ಟಿರಲಿಲ್ಲ. ಹಿಮಾಲಯನ್ನಿನ ಬೆಲೆ ಅಂಗಡಿಯಲ್ಲೇ ಮೂರು ಲಕ್ಷವನ್ನು ದಾಟಿತು. 349 ಸಿ.ಸಿ.ಯವುಗಳು ಎರಡು ಲಕ್ಷದ ಆಚೀಚೆಗೆ ಇಳಿದು ಬಂದವು.

ಇಲ್ಲಿ ಒಂದು ಮಾತನ್ನು ಗೃಹಸ್ಥರಾದ ವಾಚಕರಿಗೆ ಹೇಳಬೇಕು. ಅಂಗಡಿಯ ಬೆಲೆಯೆಂದು ಹೇಳುವುದು ಮದುವೆಯಲ್ಲಿ ಛತ್ರದ ಬಾಡಿಗೆ ಇದ್ದಂತೆ. ಖರ್ಚು ಅಲ್ಲಿಂದ ಆರಂಭವಾಗುತ್ತದೆ. ರಾಜ್ಯಕ್ಕೆ ಸಲ್ಲಬೇಕಾದ ಜೀವಾವಧಿ ತೆರಿಗೆ ಒಂದು. ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ 2018ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಮೂರನೆಯವರ ವಿಮೆಯನ್ನು ಒಟ್ಟಿಗೆ ಕಟ್ಟಬೇಕಾಗಿರುವುದು ಇನ್ನೊಂದು. ಆಮೇಲೆ ಎಂಜಿನಿಗೆ ಅಡ್ಡಕಂಬಿ, ಹಿಂದೆ ಕುಳಿತವರಿಗೆ ಬೆನ್ನಾಸರೆ, ಐ.ಎಸ್.ಐ. ಮುದ್ರೆಯ ಎರಡು ಹೆಲ್ಮೆಟ್ಟು. ಹಿಂದಿನ ಸವಾರರಿಗೂ ಹೆಲ್ಮೆಟ್ಟು ಇರಲೇಬೇಕೆಂಬುದು ನಮ್ಮ ರಾಜ್ಯದಲ್ಲಿ 2016ರಿಂದ ಕಡ್ಡಾಯ. ಇವೆಲ್ಲವನ್ನೂ ಕೂಡಿಸಿ ನೋಡಿದರೆ ಎರಡು ಲಕ್ಷದ ಗಾಡಿ ನನ್ನ ಗಂಟನ್ನು ಬಳಿದು ಬರಿದು ಮಾಡುತ್ತಿತ್ತು.

ನಮ್ಮ ಬೀದಿಯ ಕೊನೆಯಲ್ಲಿ ಮೆಕ್ಯಾನಿಕ್ಕು ಒಬ್ಬರಿದ್ದಾರೆ. ಅವರಲ್ಲಿ ಹೋಗಿ ಅಶ್ವಶಕ್ತಿಯ ವಿಷಯವನ್ನು ಎತ್ತಿದೆನು. ಅವರು ಕೈಯ ಗ್ರೀಸನ್ನು ಒರೆಸಿಕೊಳ್ಳುತ್ತ, "ಮೇಷ್ಟ್ರೇ, ಓಡಿಸೋದಕ್ಕೆ ಬರುತ್ತಾ ಅಂತ ಎಲ್ಲರೂ ನೋಡ್ತಾರೆ. ನಿಲ್ಲಿಸಿ, ಹಿಂದಕ್ಕೆ ತಳ್ಳಿ ತಿರುಗಿಸೋಕೆ ಬರುತ್ತಾ ಅಂತ ನೋಡಿ. ಹಿಂದೆ ಅಮ್ಮಾವರನ್ನ ಕೂರಿಸಿಕೊಂಡು ನೋಡಿ" ಎಂದರು. ಎರಡು ಕಾಲೂ ನೆಲಕ್ಕೆ ಪೂರ್ತಿಯಾಗಿ ಊರಬೇಕು. ಘಾಟಿಯಲ್ಲಿ ಲಾರಿಯು ಎದುರಾಗಿ ನಿಂತಾಗ ಇಳಿಜಾರಿನಲ್ಲಿ ಭಾರ ತಡೆಯುವುದು ಎಂಜಿನಲ್ಲ, ಸವಾರನ ಕಾಲು ಎಂಬುದು ಅವರ ವಾದ. ಅಶ್ವಶಕ್ತಿಯು ಗಾಡಿ ಎಷ್ಟು ವೇಗವಾಗಿ ಓಡಬಲ್ಲುದೆಂಬುದನ್ನು ಹೇಳುತ್ತದೆ. ಇಬ್ಬರನ್ನೂ ಸಾಮಾನನ್ನೂ ಹೊತ್ತು ಏರು ಹತ್ತುವಾಗ ಬೇಕಾದದ್ದು ಟಾರ್ಕು, ಎಂದರೆ ಚಕ್ರವನ್ನು ತಿರುಚುವ ಬಲ. ಅದು ಎಂಜಿನು ನಿಧಾನವಾಗಿ ತಿರುಗುತ್ತಿರುವಾಗಲೇ ದೊರೆಯುವಂತಿದ್ದರೆ ಗೇರನ್ನು ಪದೇಪದೇ ಬದಲಾಯಿಸುವ ಕಷ್ಟವಿಲ್ಲ. ನಾನು ಇಪ್ಪತ್ತೈದು ವರ್ಷ ಭೌತಶಾಸ್ತ್ರವನ್ನು ಬೋಧಿಸಿದವನು. ಇದನ್ನು ಅವರಿಂದ ಕೇಳಿ ತಿಳಿಯಬೇಕಾಯಿತು.

ಮರುದಿನ ಮನೆಯಾಕೆಯನ್ನು ಕರೆದುಕೊಂಡು ಅಂಗಡಿಗಳಿಗೆ ಹೋದೆನು. ಕೊಳ್ಳಲಾರೆನೆಂದು ತಿಳಿದಿದ್ದರೂ ಹಿಮಾಲಯನ್ನಿನ ಮುಂದೆ ನನ್ನ ಕಾಲು ತಾನಾಗಿ ನಿಂತಿತು. ಅದರ ಸೀಟಿನ ಎತ್ತರ 825 ಮಿಲಿಮೀಟರು, ತೂಕ 196 ಕಿಲೋ. ಐದಡಿ ನಾಲ್ಕಂಗುಲದ ನಾನು ಏರಿ ಕುಳಿತಾಗ ತುದಿಗಾಲು ಮಾತ್ರ ನೆಲವನ್ನು ಮುಟ್ಟಿತು. ಆಕೆ ಸೀರೆಯ ನೆರಿಗೆಯನ್ನು ಹಿಡಿದುಕೊಂಡು ಹಿಂದಿನ ಸೀಟನ್ನು ಮೇಲೆ ಕೆಳಗೆ ನೋಡಿ, "ಇದಕ್ಕೆ ಹತ್ತುವುದು ಹೇಗೆ ಮಾರಾಯ್ರೆ? ಏಣಿ ಬೇಕು" ಎಂದಳು. ಅಂಗಡಿಯ ಹುಡುಗನು ನಕ್ಕನು. ನಾನು ಇಳಿದೆನು. ಸುಜುಕಿಯವರ ವಿ-ಸ್ಟ್ರಾಮ್ ಎಸ್‌ಎಕ್ಸ್ ನನಗೆ ಬಹಳ ಹಿಡಿಸಿತು. 167 ಕಿಲೋ ಮಾತ್ರ ತೂಕ. ಆದರೆ ಅದರ ಸೀಟು ಇನ್ನೂ ಒಂದು ಸೆಂಟಿಮೀಟರು ಎತ್ತರ. ಹೋಂಡಾದವರ ಸಿಬಿ 350ರದು 800 ಮಿಲಿಮೀಟರು. ಜಾವಾದ ಮುಂದೆ ಕಾರಣವಿಲ್ಲದೆ ಹತ್ತು ನಿಮಿಷ ನಿಂತೆನು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರ ವರೆಗೆ ತಯಾರಾದ ಆ ಗಾಡಿಗಳಲ್ಲಿ ಒಂದೇ ಹಿಡಿಕೋಲು ಒದೆಯುವುದಕ್ಕೂ ಗೇರು ಬದಲಿಸುವುದಕ್ಕೂ ಆಗುತ್ತಿತ್ತು. ಅದನ್ನು ಒದ್ದು ಹೊಡೆಸಿಕೊಳ್ಳದ ಹುಡುಗ ನನ್ನ ಓರಗೆಯಲ್ಲಿ ಕಡಮೆ. ಹೊಸ ಜಾವಾದಲ್ಲಿ ಗುಂಡಿ ಒತ್ತಿದರೆ ಎಂಜಿನು ಹೊರಡುತ್ತದೆ. ನೆನಪಿಗಾಗಿ ಎರಡು ಲಕ್ಷ ಕೊಡುವುದು ಶ್ರೀಮಂತರ ಕೆಲಸ ಎಂದುಕೊಂಡು ಮುಂದೆ ಹೋದೆನು.

ಕೊನೆಗೆ ಮೀಟಿಯರ್ 350. ಸೀಟಿನ ಎತ್ತರ 765 ಮಿಲಿಮೀಟರು. ಎರಡು ಪಾದವೂ ನೆಲದ ಮೇಲೆ ಸಮನಾಗಿ ಊರಿದವು. 191 ಕಿಲೋ ತೂಕವೇನೋ ಹೌದು. ಭಾರವು ಕೆಳಗೆ ಇರುವುದರಿಂದ ಹಿಂದಕ್ಕೆ ತಳ್ಳಿದಾಗ ತೋಳಿಗೆ ಅಷ್ಟು ತಿಳಿಯಲಿಲ್ಲ. ಇಪ್ಪತ್ತು ಅಶ್ವಶಕ್ತಿಯ ಈ ಎಂಜಿನು ಓಟದಲ್ಲಿ ಯಾರನ್ನೂ ಸೋಲಿಸಲಾರದು. ಆದರೆ ನಾಲ್ಕು ಸಾವಿರ ಸುತ್ತಿನಲ್ಲೇ ತನ್ನ 27 ನ್ಯೂಟನ್ ಮೀಟರ್ ಬಲವನ್ನೆಲ್ಲ ಕೊಡುತ್ತದೆ. ಚಕ್ರಗಳು ಅಚ್ಚಿನವು, ಒಳಗೆ ಟ್ಯೂಬಿಲ್ಲ. ಮೊಳೆ ಚುಚ್ಚಿದರೆ ಚಕ್ರ ಬಿಚ್ಚದೆ ಅಲ್ಲಿಯೇ ಬೆಣೆ ಹೊಡೆದು ಗಾಳಿ ತುಂಬಬಹುದು. ಹದಿನೈದು ಲೀಟರಿನ ಟ್ಯಾಂಕಿನಲ್ಲಿ, ಲೀಟರಿಗೆ ಮೂವತ್ತೈದು ಕಿಲೋಮೀಟರೆಂದರೂ ಐನೂರರ ಮಾತು. ನೆಲಕ್ಕೂ ಗಾಡಿಯ ಹೊಟ್ಟೆಗೂ ಇರುವ ಅಂತರ ಮಾತ್ರ 170 ಮಿಲಿಮೀಟರು. ಹಿಮಾಲಯನ್ನಿನ 230ರ ಮುಂದೆ ಕಡಮೆಯೇ. ಕಾಡುದಾರಿಯಲ್ಲಿ ಕಲ್ಲು ತಾಗುವುದು ನಿಶ್ಚಯ. ನನಗೆ ಕಾಡುದಾರಿಯ ಅಗತ್ಯವಿರಲಿಲ್ಲ. ಒಂದೇ ಒಂದು ದಾರಿಯ ಅಗತ್ಯವಿತ್ತು.

ಆ ದಾರಿ ಚಾರ್ಮಾಡಿ ಘಾಟಿಯದು. ಆಕೆಯ ತವರುಮನೆ ಉಜಿರೆಯಲ್ಲಿ. 2017ರ ಮಳೆಗಾಲದಲ್ಲಿ ನಾವಿಬ್ಬರೂ ಹಳೆಯ ಸ್ಕೂಟರಿನಲ್ಲಿ ಅಲ್ಲಿಗೆ ಹೋಗುತ್ತಿದ್ದಾಗ, ಒಂದು ತಿರುವಿನಲ್ಲಿ ಒದ್ದೆ ಎಲೆಗಳ ಮೇಲೆ ನಾನು ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದೆನು. ಚಕ್ರ ತಿರುಗುವುದು ನಿಂತುಹೋಯಿತು, ಗಾಡಿ ಜಾರುವುದು ನಿಲ್ಲಲಿಲ್ಲ. ನಾನು ರಸ್ತೆಯ ಮೇಲೆ ಬಿದ್ದೆನು, ಆಕೆ ಚರಂಡಿಯಲ್ಲಿ. ಬಲಗೈಯ ಮಣಿಕಟ್ಟು ಮುರಿದಿತ್ತು. ತಪ್ಪು ಪೂರ್ತಿಯಾಗಿ ನನ್ನದೇ. ಅಷ್ಟು ವೇಗ ಅಲ್ಲಿ ಬೇಕಿರಲಿಲ್ಲ. ಆಕೆ ಒಂದು ದಿನವೂ ನನ್ನನ್ನು ದೂರಲಿಲ್ಲ. ಆದರೆ ಅಂದಿನಿಂದ ಎಲ್ಲಿಗೆ ಹೊರಟರೂ, "ನೀವು ಹೋಗಿ, ನಾನು ಬಸ್ಸಿನಲ್ಲಿ ಬರುತ್ತೇನೆ" ಎನ್ನುವಳು. ಎಂಟು ವರ್ಷ ಹಾಗೆಯೇ ಕಳೆಯಿತು. ದೂರಿದ್ದರೆ ಉತ್ತರ ಹೇಳಬಹುದಾಗಿತ್ತು. ಬಸ್ಸಿನ ಟಿಕೀಟಿಗೆ ಏನು ಉತ್ತರ?

ಆದುದರಿಂದ ಅಂಗಡಿಯಲ್ಲಿ ನಾನು ಕಟ್ಟಕಡೆಗೆ ಕೇಳಿದ್ದು ಎ.ಬಿ.ಎಸ್. ಎರಡು ಚಕ್ರಕ್ಕೂ ಇದೆಯೆ ಎಂಬುದನ್ನು. ಬ್ರೇಕನ್ನು ಎಷ್ಟೇ ಬಿಗಿಹಿಡಿದರೂ ಚಕ್ರವು ಪೂರ್ತಿಯಾಗಿ ನಿಲ್ಲದಂತೆ ಅದು ಕ್ಷಣಕ್ಕೆ ಹಲವು ಸಲ ಹಿಡಿತವನ್ನು ಸಡಿಲಿಸಿ ಬಿಗಿಸುತ್ತದೆ. 2019ರ ಏಪ್ರಿಲಿನಿಂದ 125 ಸಿ.ಸಿ.ಗೆ ಮೇಲ್ಪಟ್ಟ ಎಲ್ಲ ಹೊಸ ಗಾಡಿಗಳಿಗೂ ಎ.ಬಿ.ಎಸ್. ಕಡ್ಡಾಯ, ಆದರೆ ಮುಂದಿನ ಚಕ್ರಕ್ಕೆ ಮಾತ್ರ ಇರತಕ್ಕವೂ ಉಂಟು. ಇದರಲ್ಲಿ ಎರಡಕ್ಕೂ ಇತ್ತು. ಅಂಗಡಿಯ ಹುಡುಗನು ಇದನ್ನು ವಿವರಿಸುತ್ತಿದ್ದಾಗ ಆಕೆ ಬಣ್ಣದ ಪಟ್ಟಿಯನ್ನು ನೋಡುತ್ತಿದ್ದವಳು ತಲೆಯೆತ್ತಿ, "ಇನ್ನೊಂದು ಸಲ ಹೇಳಿ" ಎಂದಳು. ಅವನು ಇನ್ನೊಂದು ಸಲ ಹೇಳಿದನು. ಆಕೆ ಹಿಂದಿನ ಸೀಟಿನ ಮೇಲೆ ಕುಳಿತು, ಬೆನ್ನಾಸರೆಗೆ ಒರಗಿ, ಇಳಿದಳು. ಏನೂ ಹೇಳಲಿಲ್ಲ.

ಲೆಕ್ಕ ಮುಗಿಸುವಾಗ ಹಣ ಸಾಲದೆ ಹೋಯಿತು. ಬೆನ್ನಾಸರೆ ಬೇಕು, ಒಳ್ಳೆಯ ಹೆಲ್ಮೆಟ್ಟು ಬೇಕು. ಪಕ್ಕದ ಸಾಮಾನು ಚೀಲಗಳನ್ನು ಬಿಟ್ಟೆವು.

ಡಿಸೆಂಬರಿನ ಒಂದು ಶನಿವಾರ ಬೇಲೂರು, ಮೂಡಿಗೆರೆಗಳನ್ನು ದಾಟಿ ಕೊಟ್ಟಿಗೆಹಾರದಲ್ಲಿ ನಿಂತು ನೀರುದೋಸೆ ತಿಂದೆವು. ಅಲ್ಲಿಂದ ಘಾಟಿ. ಎದುರಿಗೆ ಧರ್ಮಸ್ಥಳದ ಬಸ್ಸೊಂದು ನಿಂತಿತ್ತು. ಆಕೆ ಅದರ ಫಲಕವನ್ನು ಓದಿದಳು. ನಾನು ನೋಡಿಯೂ ನೋಡದವನಂತೆ ಕಾಫಿಯ ಹಣ ಕೊಟ್ಟೆನು. ತಿರುಗಿ ನೋಡಿದರೆ ಹೆಲ್ಮೆಟ್ಟಿನ ಪಟ್ಟಿಯನ್ನು ಬಿಗಿದುಕೊಳ್ಳುತ್ತಿದ್ದಳು. "ನಿಧಾನ" ಎಂದಳು. ಮೂರನೆಯ ಗೇರನ್ನು ಮೀರದೆ, ಎಂಜಿನಿನ ಹಿಡಿತದಲ್ಲಿಯೇ ಇಳಿದೆನು. ಆ ತಿರುವು ಬಂದಾಗ ಬೆನ್ನಾಸರೆಯ ಕಂಬಿಯಲ್ಲಿದ್ದ ಕೈ ನನ್ನ ಭುಜಕ್ಕೆ ಬಂತು. ಘಾಟಿ ಮುಗಿಯುವವರೆಗೂ ಅಲ್ಲಿಯೇ ಇತ್ತು.

ಮರುದಿನ ಹೊರಡುವಾಗ ಅತ್ತೆಯವರು ಹಲಸಿನ ಹಪ್ಪಳದ ಒಂದು ದೊಡ್ಡ ಕಟ್ಟನ್ನೂ ಎರಡು ತೆಂಗಿನಕಾಯಿಯನ್ನೂ ತಂದಿಟ್ಟರು. ಕಟ್ಟುವುದು ಎಲ್ಲಿ? ಚೀಲವಿಲ್ಲ. ತೆಂಗಿನಕಾಯಿಯನ್ನು ಮುಂದಿನ ಬಸ್ಸಿಗೆ ಕೊಟ್ಟು ಕಳುಹಿಸೋಣವೆಂದು ನಾನು ಹೇಳಿದೆನು. "ತೆಂಗಿನಕಾಯಿ ಬಸ್ಸಿನಲ್ಲಿ ಬರಲಿ" ಎಂದು ಆಕೆ ಹಪ್ಪಳದ ಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಏರಿ ಕುಳಿತಳು.